ನೀಲಿ ಟೋಪಿಯ ಫಕೀರ

ನಾನು ವಿಮಾನದಿಂದ ಜಿಗಿಯುತ್ತೇನೆ ಎಂಬ ಸಂಗತಿಯನ್ನು ಅವ್ವನಿಂದ ಹಲವು ವರ್ಷ ಮುಚ್ಚಿಟ್ಟಿದ್ದೆ. ನಾನು ಸೈನ್ಯ ಸೇರಿದ್ದು ಅವಳಿಗೆ ಗೊತ್ತಿತ್ತು. ಅಧಿಕಾರಿಯಾದದ್ದು ಗೊತ್ತಿತ್ತು. ನನ್ನ ಹೆಗಲ ಮೇಲಿನ ನಕ್ಷತ್ರಗಳನ್ನು ಅವಳೇ ನಮ್ಮ ಹನುಮಸಾಗರದ ಅರ್ಧ ಊರಿಗೆ ಬೆರಳಿಟ್ಟು ತೋರಿಸಿದ್ದಳು. ಯಾವ ಕೆಲಸ ಎಂದು ಕೇಳಿದಾಗ ‘ವಿಮಾನದ ಕಡೆ’ ಎಂದಷ್ಟೇ ಹೇಳಿದ್ದೆ. ಅದು ಸುಳ್ಳಲ್ಲ. ವಿಮಾನ ಹತ್ತುತ್ತಿದ್ದೆನಲ್ಲ, ಇಳಿಯುವ ಬಗೆಯನ್ನು ಮಾತ್ರ ವಿವರಿಸಿರಲಿಲ್ಲ.

ಅವಳ ಕಲ್ಪನೆಯಲ್ಲಿ ನಾನು ಕುಷ್ಟಗಿ ಬಸ್ಸಿನ ಕಂಡಕ್ಟರನ ಹಾಗೆ ವಿಮಾನದಲ್ಲಿ ಓಡಾಡಿಕೊಂಡಿದ್ದೆ. ರಜೆ ಮುಗಿಸಿ ಹೊರಟಾಗಲೆಲ್ಲ, “ಕಿಡಕಿ ಕಡೆ ಕುಂದರಬ್ಯಾಡಪಾ, ಗಾಳಿ ಹೊಡಿತೈತಿ,” ಎಂದು ಎಚ್ಚರಿಸುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಕಿಟಕಿಯಲ್ಲ, ಬಾಗಿಲೇ ತೆರೆದಿರುತ್ತದೆ, ಅಲ್ಲಿಂದಲೇ ನಮ್ಮನ್ನು ಹೊರಗೆ ಕಳಿಸುತ್ತಾರೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ನಾನು ಧೈರ್ಯವಂತನೇ ಅಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮೂರ ಬಾವಿಗೆ ಓರಗೆಯವರೆಲ್ಲ ಮೇಲಿನ ಕಟ್ಟೆಯಿಂದ ಹಾರುತ್ತಿದ್ದಾಗ ನಾನು ಮೆಟ್ಟಿಲ ಮೇಲೆ ಕೂತು ಅವರ ಅಂಗಿ ಕಾಯುತ್ತಿದ್ದೆ. ಅಂಥವನು ಎಪ್ಪತ್ತರ ದಶಕದಲ್ಲಿ ಪ್ಯಾರಾಚೂಟ್ ಪಡೆಗೆ ಸೇರಿದ್ದಕ್ಕೆ ಕಾರಣ ದೇಶಭಕ್ತಿಯಲ್ಲ, ಟೋಪಿ. ಆ ಟೋಪಿಯ ಬಣ್ಣ ಇಳಕಲ್ ಸೀರೆಯ ಸೆರಗಿನ ಕೆಂಪು. ಅದನ್ನು ಓರೆಯಾಗಿಟ್ಟುಕೊಂಡ ಒಬ್ಬ ಕ್ಯಾಪ್ಟನ್ ನಮ್ಮ ಮುಂದೆ ಹಾದು ಹೋದ. ‘ಈ ಪಡೆಗೆ ಬರುವವರು ಯಾರು’ ಎಂದು ಕೇಳಿದಾಗ ನನ್ನ ಕೈ ನನ್ನನ್ನು ಕೇಳದೆಯೇ ಮೇಲೆದ್ದಿತ್ತು.

ಆಗ್ರಾದಲ್ಲಿ ತರಬೇತಿ. ಮೊದಲ ಸಲ ಹಸಿರು ದೀಪ ಹತ್ತಿ, ಹಿಂದಿನಿಂದ ಉಸ್ತಾದನ ಅಂಗೈ ಬೆನ್ನಿಗೆ ಬಿದ್ದಾಗ ನಾನು ಕೂಗಿದ್ದು ದೇವರ ಹೆಸರನ್ನಲ್ಲ, ರೆಜಿಮೆಂಟಿನ ಘೋಷಣೆಯನ್ನೂ ಅಲ್ಲ. “ಯವ್ವಾ!” ಎಂದೆ. ಕೆಳಗೆ ಶೇಂಗಾ ಚೀಲ ಬಿದ್ದಂತೆ ಬಿದ್ದೆ. ಉಸ್ತಾದ ಬಂದು, ಕೂಗು ಜೋರಾಗಿತ್ತು, ಯಾವ ದೇವರು ಅದು ಎಂದು ಕೇಳಿದ. ನಮ್ಮ ಕಡೆಯ ದೇವರು ಎಂದೆ.

ಗುಟ್ಟು ರಟ್ಟಾದದ್ದು ಎಂಬತ್ತರ ದಶಕದ ಮೊದಲಲ್ಲಿ, ಕುಷ್ಟಗಿಯ ಬಸ್ ನಿಲ್ದಾಣದಲ್ಲಿ. ನಮ್ಮದೇ ಪಡೆಯ, ಇರಕಲ್ಲಗಡದ ಕಡೆಯ ಹವಾಲ್ದಾರನೊಬ್ಬ ರಜೆಯಲ್ಲಿ ಬಂದಿದ್ದ. ಅವ್ವ ಯಾರ ತಾಯಿ ಎಂದು ಗೊತ್ತಾದದ್ದೇ ತಡ, ಕಾಲಿಗೆ ನಮಸ್ಕಾರ ಮಾಡಿ, “ನಿಮ್ಮ ಮಗಾ ಭಾಳ ಗಟ್ಟಿ ಮನಷಾ ಬಿಡ್ರಿ ಯವ್ವಾ. ಮುಗಿಲಿಂದ ಜಿಗೀತಾರ,” ಎಂದು ಹೊಗಳಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಮುಂದಿನ ರಜೆಗೆ ನಾನು ಬಂದಾಗ ಅವ್ವ ಬೈಯಲಿಲ್ಲ. ರೊಟ್ಟಿ ಬಡಿಯುತ್ತಲೇ ವಿಚಾರಣೆ ಶುರುಮಾಡಿದಳು.

“ಯಾಕ ಜಿಗೀತಿ? ಇಮಾನ ನಿಲ್ಲಸಂಗಿಲ್ಲೇನು ಅವ್ರು?”

“ನಿಲ್ಲಸಾಕ ಬರಂಗಿಲ್ಲವ್ವ, ಅದು ಮ್ಯಾಲೆ ಇರ್ತೈತಿ.”

“ನಿಲ್ಲಸಲಾರದ ಬಸ್ಸಿನ್ಯಾಗಿಂದ ಜಿಗದ್ರ ಕಾಲ್ ಮುರೀತಾವು. ಅದು ಇಮಾನ ಐತಿ.”

“ಛತ್ರಿ ಇರ್ತೈತವ್ವ ಬೆನ್ನಿಗೆ.”

“ಆ ಛತ್ರಿ ಮಡಚಿದಾಂವ ಯಾರು? ಅವಂದು ಹಿಂದಿನ ದಿನ ಹೆಂಡ್ತಿ ಜೋಡಿ ಜಗಳ ಆಗಿದ್ರ?”

ನಾನು ರೊಟ್ಟಿ ಮುರಿದು ಬಾಯಿ ತುಂಬಿಕೊಂಡೆ.

ಸಂಜೆ ಅವ್ವ ಸೆರಗು ಹೊದ್ದು ಮಸೂತಿಗೆ ಹೋದಳು. ನಮ್ಮ ಭಾಗದಲ್ಲಿ ಮೊಹರಂ ಎಂದರೆ ಎಲ್ಲರ ಹಬ್ಬ. ಮಸೂತಿಯಲ್ಲಿ ಹಸ್ತದ ಆಕಾರದ ಬೆಳ್ಳಿಯ ಪಂಜಾಗಳನ್ನು ಕೂರಿಸುತ್ತಾರೆ, ನಮಗೆ ಅವೇ ದೇವರು. ಮುಂದೆ ಬೆಂಕಿಯ ಕುಣಿ, ಹೆಜ್ಜೆ ಕುಣಿತ, ಹುಲಿ ವೇಷ, ಮನೆ ಮನೆಯಲ್ಲಿ ಚೊಂಗೆ ಎಂಬ ಸಿಹಿ. ಕೊರಳಲ್ಲಿ ಲಿಂಗ ಕಟ್ಟಿದವರೂ ದೇವರ ಮುಂದೆ ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸುತ್ತಾರೆ. ಹರಕೆ ಹೊತ್ತವರು ಫಕೀರರಾಗುತ್ತಾರೆ. ಅಂದರೆ ಕೊರಳಿಗೆ ಲಾಡಿ ಎಂಬ ಕೆಂಪು ಹಸಿರು ದಾರ ಕಟ್ಟಿಕೊಂಡು, ಮಂಚ ಬಿಟ್ಟು ನೆಲದಲ್ಲಿ ಮಲಗಿ, ಮಾಂಸ ಬಿಟ್ಟು, ಬರಿಗಾಲಲ್ಲಿ ಐದು ಮನೆಯಲ್ಲಿ ಬೇಡಿ, ಬಂದದ್ದನ್ನು ಉಣ್ಣಬೇಕು. ಸಾಮಾನ್ಯವಾಗಿ ಹಾಲುಹಲ್ಲಿನ ಮಕ್ಕಳನ್ನು ಫಕೀರ ಮಾಡುವುದು ವಾಡಿಕೆ. ಅವ್ವ ಮೀಸೆ ಹೊತ್ತ, ಮೂವತ್ತು ದಾಟಿದ ಕ್ಯಾಪ್ಟನ್‌ನನ್ನು ಹೆಸರಿಸಿ ಬಂದಿದ್ದಳು. ನಾನು ಐದು ಸಲ ಫಕೀರನಾಗಬೇಕು. ಆ ಐದೂ ಮುಗಿಯುವ ತನಕ ಅವಳು ಕಾಲಿಗೆ ಚಪ್ಪಲಿ ಹಾಕುವುದಿಲ್ಲ.

“ನನಗ ಫಕೀರಿ, ಸರಿ. ನೀ ಯಾಕ ಬರಿಗಾಲು?” ಎಂದು ಕೇಳಿದೆ.

“ನೀ ನೆಲಾ ಮುಟ್ಟೂತನಕ ನನ್ನ ಕಾಲಿಗೆ ನೆಲದ ಸುದ್ದಿ ಗೊತ್ತಿರ್ಬೇಕು,” ಎಂದಳು. ವಾದ ಮಾಡಿ ಗೆಲ್ಲಲು ಅವಳು ವಕೀಲೆಯಲ್ಲ, ಅವ್ವ.

ಮೊದಲ ವರ್ಷ ರಜೆ ಕೇಳಲು ಹೋದಾಗ ನಮ್ಮ ಕಮಾಂಡಿಂಗ್ ಆಫೀಸರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಪಂಜಾಬಿನ ದೊಡ್ಡ ದೇಹದ ಮನುಷ್ಯ. “ನೀನು ಹಿಂದೂ. ದೀಪಾವಳಿಗೆ ರಜೆ ಬೇಡ ಅಂದೆ. ಮೊಹರಮ್ಮಿಗೆ ಬೇಕು ಅನ್ನುತ್ತೀಯ. ಯಾಕೆ?” ಭಿಕ್ಷೆ ಬೇಡಲು ಸರ್ ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, ಕಚೇರಿ ನೋಡಿಕೊಳ್ಳುವ ಅಡ್ಜುಟಂಟ್‌ನನ್ನು ಕರೆದು, ನನ್ನ ಕಳೆದ ಜಿಗಿತದಲ್ಲಿ ತಲೆಗೇನಾದರೂ ಪೆಟ್ಟಾಗಿತ್ತೇ ಎಂದು ವಿಚಾರಿಸಿದರು. ಪೂರ್ತಿ ಕಥೆ ಕೇಳಿದ ಮೇಲೆ ಮಾತ್ರ ತಕ್ಷಣ ಸಹಿ ಹಾಕಿದರು. ಅವರಿಗೂ ತಾಯಿ ಇದ್ದರು.

ಕೊಪ್ಪಳದಲ್ಲಿ ರೈಲು ಇಳಿದು, ಬಸ್ಸು ಬದಲಿಸಿ, ಊರು ಸೇರಿ, ಕೊರಳಿಗೆ ಲಾಡಿ ಕಟ್ಟಿಸಿಕೊಂಡೆ. ಜೋಳಿಗೆ ಹಿಡಿದು ಮೊದಲ ಮನೆಯ ಮುಂದೆ ನಿಂತಾಗ ಒಳಗಿನಿಂದ ಬಂದ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಸರಕಾರ ಪಗಾರ ಕೊಡವಲ್ತೇನ್ರಿ ಸಾಹೇಬ್ರ?” ಎಂದಳು. ಎರಡನೆಯ ಮನೆಯಲ್ಲಿ ಜೋಳದ ಹಿಟ್ಟಿನ ಜೊತೆ ಬುದ್ಧಿಮಾತು ಕೊಟ್ಟರು. ಯಲಬುರ್ಗಾದಿಂದ ಹೊಸದಾಗಿ ಮದುವೆಯಾಗಿ ಬಂದಿದ್ದ ನನ್ನ ಹೆಂಡತಿ ನಮ್ಮ ಹೊಸ್ತಿಲಲ್ಲೇ ನಿಂತು, “ಈ ಮನಿ ಐದರಾಗ ಬರಂಗಿಲ್ಲ, ಮುಂದ ಹೋಗಪಾ ಫಕೀರ,” ಎಂದು ಬೀದಿಗೆಲ್ಲ ಕೇಳುವಂತೆ ಅಟ್ಟಿದಳು. ಆಕಾಶದಿಂದ ಹಾರುವುದು ಇದಕ್ಕಿಂತ ಸುಲಭ ಅನ್ನಿಸಿತು.

ರಜೆ ಪ್ರತಿ ವರ್ಷ ಸಿಗಬೇಕಲ್ಲ. ಒಂದು ವರ್ಷ ಈಶಾನ್ಯದ ಕಾಡು, ಇನ್ನೊಂದು ವರ್ಷ ಹಿಮ, ಮತ್ತೊಂದು ವರ್ಷ ಅಭ್ಯಾಸ ಶಿಬಿರ. ನಾಲ್ಕು ಫಕೀರಿ ಮುಗಿಯುವಷ್ಟರಲ್ಲಿ ನಾನು ಮೇಜರ್ ಆಗಿದ್ದೆ, ಅವ್ವನಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿದ ಗಾಯ ತಿಂಗಳಾದರೂ ಮಾಯಲಿಲ್ಲ. ಗಂಗಾವತಿಯ ಡಾಕ್ಟರು ಕಾಲು ನೋಡಿ, ಚೀಟಿಯಲ್ಲಿ ಮಾತ್ರೆಗಳಿಗಿಂತ ಮೇಲೆ ‘ಚಪ್ಪಲಿ’ ಎಂದು ಬರೆದರು. ನನ್ನನ್ನು ಹೊರಗೆ ಕರೆದು, “ಹಿಂಗ ಬರಿಗಾಲಾಗ ಅಡ್ಡಾಡಿದ್ರ ಇವತ್ತು ಬೆರಳು ಹೋಗ್ತಾವು, ನಾಳೆ ಪಾದ. ಆಮ್ಯಾಲೆ ನನ್ನ ಕೈಯಾಗ ಇಲ್ಲ,” ಎಂದರು.

“ಮಾತ್ರಿ ಕೊಡ್ರಿ, ನುಂಗ್ತೀನಿ,” ಎಂದಳು ಅವ್ವ. “ಚಪ್ಪಲಿ ಮಾತ್ರ ಇನ್ನೊಂದು ಫಕೀರಿ ಆಗೂತನಕ ಇಲ್ಲ.”

ಹೊರಡುವ ಹುಕುಂ ಬಂದದ್ದು ಅದೇ ಸಮಯಕ್ಕೆ. ಇರಾನ್ ಮತ್ತು ಇರಾಕ್ ವರ್ಷಗಟ್ಟಲೆ ಕಾದಾಡಿ ಕದನ ನಿಲ್ಲಿಸಿದ್ದವು. ನಿಲ್ಲಿಸಿದ್ದು ನಿಂತೇ ಇದೆಯೇ ಎಂದು ನೋಡಲು ಹಲವು ದೇಶಗಳ ಅಧಿಕಾರಿಗಳನ್ನು ಕಳಿಸುತ್ತಿದ್ದರು. ನನ್ನ ಹೆಸರೂ ಬಂತು. ಒಂದು ವರ್ಷದ ಕೆಲಸ. ಮೊಹರಂ ಅದರ ನಟ್ಟ ನಡುವೆ ಬೀಳುತ್ತಿತ್ತು. ಹೋದರೆ ಐದನೆಯ ಫಕೀರಿ ಮತ್ತೊಂದು ವರ್ಷ ಮುಂದಕ್ಕೆ ಹೋಗುತ್ತದೆ, ಆ ಒಂದು ವರ್ಷ ಅವ್ವನ ಕಾಲು ತಡೆಯುವುದಿಲ್ಲ. ನಾನು ಒಲ್ಲೆ ಎಂದು ಬರೆದುಕೊಡಲು ತಯಾರಾದೆ. ಪರದೇಶದ ಆಸೆ ನನಗೆ ಇರಲಿಲ್ಲ ಎಂದಲ್ಲ, ಬೇಕಾದಷ್ಟಿತ್ತು. ಆದರೆ ಆ ಕಪ್ಪಾದ ಹಿಮ್ಮಡಿಯನ್ನು ನೋಡಿದ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ.

ದಾರಿ ತೋರಿಸಿದವರು ಮಸೂತಿಯ ಮುಜಾವರ ಚಾಚಾ, ದೇವರನ್ನು ಕೂರಿಸಿ ಎಬ್ಬಿಸುವ ಹಿರಿಯರು. ವೃತ್ತಿಯಲ್ಲಿ ಹತ್ತಿ ಹಿಂಜುವವರು. ಎಷ್ಟು ಗಂಭೀರ ವಿಷಯವಾದರೂ ಗಡ್ಡದಲ್ಲಿ ಒಂದೆರಡು ಹತ್ತಿಯ ಎಳೆ ಅಂಟಿಸಿಕೊಂಡೇ ತೀರ್ಪು ಕೊಡುತ್ತಿದ್ದರು. ಅವ್ವ, ನಾನು ಇಬ್ಬರೂ ಅವರ ಮುಂದೆ ಕೂತೆವು.

“ಐದು ಮನಿ ಅಂದ್ರ ಐದು ಮನಿ,” ಎಂದರು ಚಾಚಾ. “ಹನಮಸಾಗರದಾಗನ ಇರ್ಬೇಕು ಅಂತ ಯಾರ್ ಹೇಳ್ಯಾರ? ಒಲಿ ಉರೀತಿರ್ಬೇಕು, ಕೊಡೋ ಕೈ ಇರ್ಬೇಕು. ಅಲ್ಲೇ ಮಾಡ್ಲಿ.”

“ಅಲ್ಲಿ ಬರೇ ಫೌಜು ಅದಾವಂತ ಅಣ್ಣಾ,” ಎಂದಳು ಅವ್ವ ಅನುಮಾನದಿಂದ.

“ಫೌಜಿನ್ಯಾಗ ಉಣ್ಣಂಗಿಲ್ಲೇನವ್ವ? ಉಣ್ಣೋ ಜಾಗದಾಗ ಒಲಿ ಇರ್ತೈತಿ.” ಎದ್ದು ಹೋಗಿ ಒಂದು ಲಾಡಿ ತಂದು, ಸಾಂಬ್ರಾಣಿ ಹೊಗೆ ಹಿಡಿದು, ನನ್ನ ಅಂಗೈಯಲ್ಲಿಟ್ಟರು. ನಾನು ಹೊರಟೆ.

ನಾನು ಇದ್ದದ್ದು ಇರಾನ್ ಬದಿಯಲ್ಲಿ, ಗಡಿಗೆ ಹತ್ತಿರದ ಮುರಿದ ಊರೊಂದರಲ್ಲಿ. ತಲೆಯ ಮೇಲಿನ ಕೆಂಪು ಟೋಪಿ ಹೋಗಿ ಶಾಂತಿ ಕಾಯುವವರ ನೀಲಿ ಟೋಪಿ ಬಂದಿತ್ತು. ಬಿಳಿ ಜೀಪು, ಕೈಯಲ್ಲಿ ಬೈನಾಕ್ಯುಲರ್, ಸೊಂಟದಲ್ಲಿ ಏನೂ ಇಲ್ಲ. ಆಯುಧವಿಲ್ಲದೆ ಎರಡು ಸೈನ್ಯಗಳ ನಡುವೆ ಓಡಾಡುವುದು ಅಂಗಿಯಿಲ್ಲದೆ ಮದುವೆಗೆ ಹೋದಂತೆ, ಎರಡು ದಿನ ನಾಚಿಕೆ, ಆಮೇಲೆ ರೂಢಿ. ಮುಗಿಲಿಂದ ಜಿಗಿದು ಸೇತುವೆ ಹಿಡಿಯಲು ಸರಕಾರ ಇಷ್ಟು ಖರ್ಚು ಮಾಡಿ ತಯಾರಿಸಿದ ನನ್ನ ಅಲ್ಲಿನ ಮುಖ್ಯ ಕೆಲಸ ಚಹಾ ಕುಡಿಯುವುದಾಗಿತ್ತು. ಈ ಕಡೆಯವರು ಚಹಾ ಕೊಟ್ಟು, ಆ ಕಡೆಯವರು ಮಣ್ಣಿನ ದಿಬ್ಬವನ್ನು ಒಂದು ಮೊಳ ಮುಂದೆ ತಂದಿದ್ದಾರೆ ಎನ್ನುವರು. ಆ ಕಡೆ ಹೋದರೆ ಅವರೂ ಚಹಾ ಕೊಟ್ಟು, ದಿಬ್ಬ ಅಲ್ಲೇ ಇದೆ, ಇವರ ಕಣ್ಣೇ ಮುಂದೆ ಬಂದಿದೆ ಎನ್ನುವರು. ನನಗೆ ಇದೇನೂ ಹೊಸದಲ್ಲ. ನಮ್ಮ ತಾಲ್ಲೂಕಿನಲ್ಲಿ ಅಣ್ಣ ತಮ್ಮಂದಿರು ಹೊಲದ ಬದು ಸರಿಸುವುದನ್ನು ನೋಡಿಯೇ ಬೆಳೆದವನು. ಇಲ್ಲಿ ಬದುವಿನ ಕೆಳಗೆ ಸಿಡಿಮದ್ದು ಹೂತಿತ್ತು, ಅಷ್ಟೇ ಫರಕು.

ಮೊಹರಂ ಹತ್ತಿರ ಬಂತು. ನನ್ನ ಕೋಣೆಯ ಜೊತೆಗಾರ ಐರ್ಲೆಂಡಿನ ಕ್ಯಾಪ್ಟನ್. ನನ್ನ ಕೊರಳ ಲಾಡಿ ಕಂಡು ಕೇಳಿದ, ಹೇಳಿದೆ. ಅವನು ಬಹಳ ಹೊತ್ತು ನಕ್ಕು, ಆಮೇಲೆ ಥಟ್ಟನೆ ಗಂಭೀರನಾದ. “ನಾವು ಯಾರ ಕಡೆಯೂ ಅಲ್ಲದವರು. ಈ ಕಡೆಯವರ ಹತ್ತಿರ ಮಾತ್ರ ಬೇಡಿದರೆ ಅದು ಪಕ್ಷಪಾತವಾಗುತ್ತದೆ.” ಅವನು ತಮಾಷೆಗೆ ಹೇಳಿದ್ದು. ಆದರೆ ಮಾತು ನಮ್ಮ ಮೇಲಿನ ಕರ್ನಲ್‌ವರೆಗೆ ಹೋಯಿತು. ಉತ್ತರ ಯೂರೋಪಿನ ಆ ಕರ್ನಲ್‌ಗೆ ತಮಾಷೆ ಎಂಬ ವಸ್ತುವಿನ ಪರಿಚಯ ಇರಲಿಲ್ಲ. ಅವರು ನಿಯಮಗಳನ್ನೆಲ್ಲ ತಿರುವಿ, ಎರಡು ದಿನದ ನಂತರ ನನ್ನನ್ನು ಕರೆಸಿದರು. ಉಡುಗೊರೆ ಸ್ವೀಕರಿಸುವಂತಿಲ್ಲ, ಆದರೆ ಭಿಕ್ಷೆಯ ಬಗ್ಗೆ ನಿಯಮಗಳಲ್ಲಿ ಏನೂ ಇಲ್ಲ. ಆದ್ದರಿಂದ ಬೇಡಬಹುದು, ಎರಡೂ ಕಡೆ ಸಮಸಮವಾಗಿ.

“ಐದು ಮನೆ ಸರ್,” ಎಂದೆ. “ಐದನ್ನು ಎರಡು ಪಾಲು ಮಾಡಲು ಬರುವುದಿಲ್ಲ.”

ಕರ್ನಲ್ ಗೋಡೆಯ ನಕ್ಷೆಯ ಮುಂದೆ ನಿಂತು ಯೋಚಿಸಿದರು. ಎರಡು ಇಲ್ಲಿ, ಎರಡು ಅಲ್ಲಿ, ಒಂದು ಎರಡೂ ದೇಶ ನಮ್ಮದೆನ್ನುವ ಪಟ್ಟಿಯಲ್ಲಿ ಎಂದು ತೀರ್ಮಾನಿಸಿದರು. ನನ್ನ ನೌಕರಿಯಲ್ಲಿ ಇಷ್ಟು ಕಟ್ಟುನಿಟ್ಟಾಗಿ ಯೋಜಿಸಿದ ಕಾರ್ಯಾಚರಣೆ ಇನ್ನೊಂದಿಲ್ಲ.

ಮೊದಲ ಮನೆ ಈ ಕಡೆಯ ಕಮಾಂಡರನ ಬಂಕರು. ಹೊರಗೆಲ್ಲ ಕಪ್ಪು ಬಾವುಟ, ಒಳಗೆ ಸೈನಿಕರು ಎದೆಗೆ ಕೈ ಬಡಿದುಕೊಂಡು ಶೋಕದ ಪದ ಹಾಡುತ್ತಿದ್ದರು. ನಾನು ಬಾಗಿಲಲ್ಲಿ ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತೆ. ಆಗಸ್ಟಿನ ಬಿಸಿಲು, ನೆಲ ಕಾದ ಹಂಚು. ದುಭಾಷಿಯ ಮೂಲಕ ವಿಷಯ ತಿಳಿದ ಕಮಾಂಡರ್ ಬೆರಗಾಗಿ ನಿಮ್ಮ ಊರಲ್ಲೂ ಮೊಹರಂ ಇದೆಯೇ ಎಂದ. ನಾನು ಉತ್ಸಾಹದಿಂದ ಇದೆ ಎಂದೆ. ಬಹಳ ಜೋರಾಗಿ ಇದೆ, ಹುಲಿ ವೇಷ ಹಾಕುತ್ತೇವೆ, ಹಲಗೆ ಬಡಿಯುತ್ತೇವೆ, ಸಿಹಿ ಮಾಡಿ ಹಂಚುತ್ತೇವೆ ಎಂದು ಹೇಳುತ್ತಲೇ ಹೋದೆ. ದುಭಾಷಿ ಅರ್ಧದಲ್ಲೇ ಭಾಷಾಂತರ ನಿಲ್ಲಿಸಿ ನನ್ನ ಮುಖ ನೋಡಿದ. ಕಣ್ಣೀರು ಒರೆಸಿಕೊಳ್ಳುತ್ತಿದ್ದ ಸೈನಿಕರ ನಡುವೆ ನಿಂತು ನಾನು ಹುಲಿ ಕುಣಿತದ ವರ್ಣನೆ ಮಾಡುತ್ತಿದ್ದೆ. ಹನುಮಸಾಗರದವನಲ್ಲದೆ ಇನ್ನಾರು ಈ ತಪ್ಪು ಮಾಡಲು ಸಾಧ್ಯ?

ಕಮಾಂಡರ್ ಗಡ್ಡ ನೀವಿಕೊಂಡು ನಿಧಾನವಾಗಿ ಕೇಳಿದ. “ಶೋಕದ ದಿನ ಹುಲಿ?”

“ನಮ್ಮಲ್ಲಿ ಅಳು ನಗು ಒಂದೇ ಬೀದಿಯಲ್ಲಿ ಬರುತ್ತವೆ,” ಎಂದೆ. “ಕೊನೆಯ ದಿನ ದೇವರು ಹೊಳೆಗೆ ಹೋಗುವಾಗ ಹುಲಿ ವೇಷದವನೂ ಅಳುತ್ತಾನೆ. ಬಣ್ಣ ಇಳಿದುಹೋಗುತ್ತದೆ.”

“ನೀನು ಮುಸಲ್ಮಾನನೇ?”

“ಅಲ್ಲ.”

“ಮತ್ತೆ ಈ ದಾರ?”

“ನಮ್ಮ ಅವ್ವನದು. ಅವಳು ಬರಿಗಾಲಲ್ಲಿದ್ದಾಳೆ.” ಕಾಲಿನ ಗಾಯದ ಸಂಗತಿ ಹೇಳಿದೆ. ಅವನು ತಾನೇ ಎದ್ದು ಹೋಗಿ ಒಲೆಯ ಮೇಲಿನ ರೊಟ್ಟಿ, ಒಂದು ಹಿಡಿ ಖರ್ಜೂರ ತಂದು ನನ್ನ ಜೋಳಿಗೆಗೆ ಹಾಕಿದ. ಎರಡನೆಯ ಮನೆ ಅವರದೇ ಸೈನ್ಯದ ರೊಟ್ಟಿ ಭಟ್ಟಿ. ಅಲ್ಲಿ ಅಷ್ಟರಲ್ಲೇ ಸುದ್ದಿ ಮುಟ್ಟಿತ್ತು. ನನ್ನನ್ನು ನೋಡಲು ಸಾಲಾಗಿ ನಿಂತಿದ್ದರು, ಒಬ್ಬ ಹುಲಿ ಹೇಗೆ ಕುಣಿಯುತ್ತದೆ ಎಂದು ಮೆಲ್ಲಗೆ ಕೇಳಿಯೂ ಬಿಟ್ಟ.

ನಡುವಿನ ಪಟ್ಟಿಯ ಮನೆ ಒಂದು ಡೇರೆ. ಯುದ್ಧ ಪೂರ್ತಿ ನಿಂತಿತೆಂದು ಯಾರೂ ಹೇಳದಿದ್ದರೂ ಮೇಕೆಗಳ ಜೊತೆ ವಾಪಸು ಬಂದಿದ್ದ ಮುದುಕಿಯದು. ಅವಳಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ. ಜೋಳಿಗೆ ಚಾಚಿದವನಿಗೆ ಕೊಡಬೇಕು, ಕೊಟ್ಟಳು. ಗಟ್ಟಿ ಮೊಸರಿನ ಉಂಡೆ.

ಆ ವಾರ ಎರಡೂ ಕಡೆಯವರ ಸಭೆ ಆಚೆಯ ಠಾಣೆಯಲ್ಲಿತ್ತು. ಸಿಡಿಮದ್ದು ತೆಗೆದ ಕಿರುದಾರಿಯಲ್ಲಿ ಒಬ್ಬರ ಹಿಂದೊಬ್ಬರು ನಡೆದು ಹೋದೆವು. ಆಚೆಯ ಮೇಜರ್ ನಗುಮುಖದವನು. ನನ್ನ ಕೋರಿಕೆ ಕೇಳಿ ಹೊಟ್ಟೆ ಹಿಡಿದು ನಕ್ಕು, ಈಚೆಯವರು ಎಷ್ಟು ಕೊಟ್ಟರು ಎಂದು ವಿಚಾರಿಸಿ, ಅದಕ್ಕಿಂತ ಹೆಚ್ಚು ಕೊಡಿಸಿದ. ಅಲ್ಲಿಗೆ ನಾಲ್ಕು.

ಐದನೆಯದೂ ಇರಾಕ್ ಬದಿಯದೇ, ದಾರಿಯ ಬಾಯಲ್ಲಿದ್ದ ಸಣ್ಣ ಕಾವಲು ಠಾಣೆ. ಅಲ್ಲಿ ಕಪ್ಪು ಬಾವುಟ ಇರಲಿಲ್ಲ, ಆ ಸೈನ್ಯದಲ್ಲಿ ಮೊಹರಮ್ಮಿನ ಶೋಕವನ್ನು ಬಹಿರಂಗವಾಗಿ ತೋರಿಸುವಂತಿರಲಿಲ್ಲ. ಒಬ್ಬ ಸೈನಿಕ ಕೂತು ಹಿಟ್ಟು ನಾದುತ್ತಿದ್ದ. ನನ್ನದೇ ವಯಸ್ಸಿನವನು, ಕಿವಿಯ ಹತ್ತಿರ ಕೂದಲು ನೆರೆತಿತ್ತು. ನನ್ನ ಜೊತೆಗಿದ್ದವರು ಮುಂದೆ ಹೋಗಿದ್ದರು. ನಾನು ಬೂಟು ಬಿಚ್ಚಿ ಜೋಳಿಗೆ ಚಾಚಿದೆ. ಅವನು ನನ್ನ ಟೋಪಿ ನೋಡಿದ, ಬರಿಗಾಲು ನೋಡಿದ, ಆಮೇಲೆ ಕೊರಳ ಲಾಡಿ ನೋಡಿದ. ಕೈ ನಿಂತಿತು. ಅತ್ತಿತ್ತ ಕಣ್ಣು ಹಾಯಿಸಿ, ಬಿಸಿ ರೊಟ್ಟಿಯೊಂದನ್ನು ಜೋಳಿಗೆಗೆ ಹಾಕಿ, ಹಿಟ್ಟು ಮೆತ್ತಿದ ಬೆರಳಿನಿಂದಲೇ ದಾರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ತನ್ನ ಎದೆ ತೋರಿಸಿ, ದೂರ ತೆಂಕಣ ಕಡೆಗೆ ಕೈ ಮಾಡಿ “ಉಮ್ಮೀ” ಎಂದ. ಅವರ ಭಾಷೆಯಲ್ಲಿ ಅವ್ವ. ಅಷ್ಟು ಅರಬ್ಬಿ ನನಗೆ ಬರುತ್ತಿತ್ತು. ನಾನೂ ಎದೆ ಮುಟ್ಟಿಕೊಂಡು “ಉಮ್ಮೀ” ಎಂದು ಮೂಡಣ ಕಡೆಗೆ ಕೈ ತೋರಿಸಿದೆ. ಯಾರೋ ಬರುವ ಸಪ್ಪಳವಾಯಿತು. ಅವನು ತಲೆ ತಗ್ಗಿಸಿ ಮತ್ತೆ ಹಿಟ್ಟು ನಾದತೊಡಗಿದ. ಮುಂದಿನ ಸಭೆಗೆ ನಾನು ಹೋದಾಗ ಆ ಠಾಣೆಯಲ್ಲಿ ಬೇರೆ ಪಡೆ ಇತ್ತು.

ಐದೂ ಮನೆಯದನ್ನು ಕೂಡಿಸಿ ಉಂಡೆ. ಐರ್ಲೆಂಡಿನವನಿಗೂ ಕೊಟ್ಟೆ. ಮುಂದಿನ ವಾರ ನಮ್ಮ ಮುಖ್ಯ ಕಚೇರಿಗೆ ಹೋದಾಗ ಊರಿಗೆ ಫೋನು ಮಾಡುವ ಅವಕಾಶ ಸಿಕ್ಕಿತು. ಹನುಮಸಾಗರದ ಕಿರಾಣಿ ಅಂಗಡಿಗೆ ಹೇಗೋ ಲೈನು ತಾಗಿ, ಅವ್ವನನ್ನು ಕರೆತಂದರು. ಫಕೀರಿ ಮುಗೀತವ್ವ, ಚಪ್ಪಲಿ ಹಾಕ್ಕೋ ಎಂದು ಕೂಗಿದೆ. ಅವಳಿಗೆ ಪುರಾವೆ ಬೇಕಿತ್ತು.

“ಯಾರ್ ಯಾರ್ ಕೊಟ್ರು?”

ಖುಷಿಯಲ್ಲಿದ್ದೆ. ಹೇಳಿಬಿಟ್ಟೆ. ಕಮಾಂಡರ್, ಭಟ್ಟಿ, ಮುದುಕಿ, ಮೇಜರ್. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಹಿಟ್ಟು ನಾದುತ್ತಿದ್ದವನ ಕಥೆಯನ್ನೂ ಹೇಳಿದೆ, ‘ಉಮ್ಮೀ’ ಎಂದದ್ದನ್ನೂ ಹೇಳಿದೆ. ಆ ಕಡೆ ಫೋನು ಇಟ್ಟ ಸದ್ದಾಯಿತು. ಲೈನು ಹೋಯಿತೆಂದುಕೊಂಡೆ.

ವರ್ಷ ಮುಗಿಸಿ ಬಂದಾಗ ಅವ್ವ ಬಸ್ ನಿಲ್ದಾಣಕ್ಕೇ ಬಂದಿದ್ದಳು. ನಾನು ಮೊದಲು ನೋಡಿದ್ದು ಕಾಲನ್ನು. ಗಾಯಕ್ಕೆ ಸುತ್ತಿದ ಬಿಳಿ ಪಟ್ಟಿ ಮಣ್ಣಾಗಿತ್ತು. ಬರಿಗಾಲು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನೆ ಮುಟ್ಟುವವರೆಗೂ ಕೂಗಾಡಿದೆ. ಎರಡು ಸೈನ್ಯಗಳ ಮುಂದೆ ಜೋಳಿಗೆ ಹಿಡಿದದ್ದು ಯಾರ ಕಾಲಿಗಾಗಿ ಎಂದು ಕೇಳಿದೆ. ಅವಳು ನೀರು ಕೊಟ್ಟು, ಕೂಡು ಎಂದು, ನಾನು ಉಸಿರು ತೆಗೆದುಕೊಳ್ಳುವುದನ್ನು ಕಾಯ್ದು ಹೇಳಿದಳು.

“ನಿಂದು ಮುಗೀತಪಾ. ಇದು ಅವಂದು.”

“ಯಾರ್ದು?”

“ಹಿಟ್ಟು ನಾದಾಕತ್ತಿದ್ನಲ್ಲ, ಅವಂದು. ಅವ್ವನ ನೆನಿಸ್ಯಾನ. ಅವ ಮನಿ ಮುಟ್ಟೂತನಕ ಹಾಕಂಗಿಲ್ಲ ಅಂತ ಅಂದ್ಕೊಂಡೀನಿ.”

“ಅವನ ಹೆಸರಾರ ಗೊತ್ತೈತೇನು ನಿನಗ?”

“ನೀ ಕೇಳಲಿಲ್ಲಲ್ಲ.”

ಆಗ ನನಗೆ ಅಳು ಬಂತು. ಸಿಟ್ಟಿನದೋ, ಸೋಲಿನದೋ, ಅವ್ವ ಇನ್ನೆಷ್ಟು ದಿನ ನಡೆದಾಳು ಎಂಬ ಭಯದ್ದೋ ಗೊತ್ತಿಲ್ಲ. ಎದ್ದು ಮತ್ತೆ ಮುಜಾವರ ಚಾಚಾನ ಹತ್ತಿರ ಎಳೆದುಕೊಂಡು ಹೋದೆ. ಚಾಚಾ ಹತ್ತಿ ಹಿಂಜುವುದನ್ನು ನಿಲ್ಲಿಸಿ ಕೇಳಿದರು. ಅವ್ವನನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು. ಕೊನೆಗೆ, “ಹೊತ್ತ ಹರಕಿ ಇಳಸಾಕ ಬರಂಗಿಲ್ಲ. ಹೊರೋ ತಲಿ ಬದ್ಲಿ ಮಾಡಾಕ ಬರ್ತೈತಿ. ರಕ್ತಸಂಬಂಧದಾವ್ರು ಯಾರರ ಹೊರಬಹುದು,” ಎಂದರು. “ಆದ್ರ ಸರಕಾರದ ಬೂಟು ಸರಕಾರದ್ದು. ಅದು ಲೆಕ್ಕಕ್ಕಿಲ್ಲ.”

ನಾನು ಅಲ್ಲೇ ಚಪ್ಪಲಿ ಬಿಚ್ಚಿದೆ. ಅವ್ವ ನನ್ನ ಕಾಲು ನೋಡಿ, ಮುಖ ನೋಡಿ, “ಅರ್ಧಕ್ಕ ಬಿಟ್ಗಿಟ್ಟಿ,” ಎಂದಳು. ಬಿಡಂಗಿಲ್ಲ ಎಂದೆ. ಮರುದಿನ ಕುಷ್ಟಗಿಯಿಂದ ಮೆತ್ತನೆಯ ರಬ್ಬರು ಚಪ್ಪಲಿ ತಂದೆ. ಅವಳು ಅದನ್ನು ಹಾಕಿಕೊಂಡು ಅಂಗಳದಲ್ಲಿ ಹೊಸ ಮದುಮಗಳಂತೆ ಎಡವಿ ಎಡವಿ ನಡೆದಳು, ನನ್ನ ಹೆಂಡತಿ ನಕ್ಕು ನಕ್ಕು ಕೂತುಬಿಟ್ಟಳು. ಗಾಯ ಮಾಯಲು ಆರು ತಿಂಗಳು ಹಿಡಿಯಿತು. ಒಂದು ಕಿರುಬೆರಳು ಹೋಯಿತು, ಪಾದ ಉಳಿಯಿತು. ಆಮೇಲೆ ಬಹಳ ವರ್ಷ ಅವಳು ಎರಡೂ ಕಾಲಲ್ಲಿ ಊರೆಲ್ಲ ತಿರುಗಾಡಿಯೇ ಕಣ್ಣು ಮುಚ್ಚಿದಳು.

ನಾನೀಗ ಕೊಪ್ಪಳದಲ್ಲಿದ್ದೇನೆ. ಸರಕಾರದ ಬೂಟುಗಳನ್ನು ಸರಕಾರಕ್ಕೆ ಬಿಟ್ಟು ಬಂದು ಕಾಲವಾಯಿತು. ಬರಿಗಾಲಲ್ಲಿ ಕಾಯಿಪಲ್ಯೆ ತರಲು ಹೋಗುವ ನಿವೃತ್ತ ಕರ್ನಲ್‌ನನ್ನು ಕಂಡು ಕೆಲವರು ಯಾವುದೋ ಸ್ವಾಮಿಯ ಶಿಷ್ಯನಾಗಿದ್ದಾನೆ ಎನ್ನುತ್ತಾರೆ. ಗುಡಿಯ ಮುಂದೆ ಚಪ್ಪಲಿ ಕಳೆದುಕೊಂಡೆನೆಂದು ಮರುಗಿ ಆಟೋ ನಿಲ್ಲಿಸಿದವರೂ ಇದ್ದಾರೆ. ನನಗೂ ಸಕ್ಕರೆ ಕಾಯಿಲೆ ಶುರುವಾಗಿದೆ. ಡಾಕ್ಟರು ಪ್ರತಿ ಸಲ ನನ್ನ ಹಿಮ್ಮಡಿ ನೋಡಿ ಬೈಯುತ್ತಾರೆ. ನಾನು ಮಾತ್ರೆ ಬರೆಸಿಕೊಂಡು ಬರುತ್ತೇನೆ. ಆ ದೇಶದಲ್ಲಿ ಆಮೇಲೆ ಇನ್ನೂ ಯುದ್ಧಗಳಾದವು, ಪೇಪರಿನಲ್ಲಿ ಓದುತ್ತಿದ್ದೆ. ಅವನು ಮನೆ ಮುಟ್ಟಿದ ಸುದ್ದಿ ನನಗಿನ್ನೂ ಬಂದಿಲ್ಲ.